ಓಡುವ ದೋಣಿಗೆ ಒಲೆ ಯಾಕೆ?

ಪ್ರಶ್ನೆ ನನ್ನದೇ. ಕೇಳಿದ್ದು 2014ರ ಜೂನ್‌ನಲ್ಲಿ, ಕೆನಡಾದ ಉತ್ತರದ ತುದಿಯ ಯೂಕಾನ್‌ನಲ್ಲಿ, ವೈಟ್‌ಹಾರ್ಸ್ ಅನ್ನುವ ಪುಟ್ಟ ಊರಿನಲ್ಲಿ. ಕೇಳಿದ್ದು ಅಜ್ಜಿಯಂಥ ಒಬ್ಬ ಹೆಂಗಸಿನ ಹತ್ತಿರ. ಆಕೆ ಉತ್ತರ ಕೊಡಲಿಲ್ಲ. ಕನ್ನಡಕದ ಮೇಲಿಂದ ಒಂದು ಸಲ ನನ್ನನ್ನು ನೋಡಿ, "ಮೊದಲು ಹಚ್ಚಿ ತೋರಿಸು, ಆಮೇಲೆ ಮಾತು" ಅಂದರು. ಅಷ್ಟೇ.

ಮೊದಲಿಂದ ಹೇಳುತ್ತೇನೆ.

ನನ್ನ ಆಫೀಸಿನ ಗೆಳೆಯನೊಬ್ಬನಿಗೆ ದೋಣಿಯ ಹುಚ್ಚು. ಅವನ ಅಕ್ಕನಿಗೆ ಅವನಿಗಿಂತ ಒಂದು ಕೈ ಜಾಸ್ತಿ. ಇಬ್ಬರೂ ಸೇರಿ ಯೂಕಾನ್ ರಿವರ್ ಕ್ವೆಸ್ಟ್ ಅನ್ನುವ ಓಟಕ್ಕೆ ಹೆಸರು ಕೊಟ್ಟಿದ್ದರು. ಓಟ ಅಂದರೆ ಕಾಲಿನದ್ದಲ್ಲ, ಕನೂ ಓಟ. ಕನೂ ಗೊತ್ತಲ್ಲ, ಎರಡೂ ತುದಿ ಚೂಪಾಗಿರುವ, ಒಂದೇ ಎಲೆಯ ಹುಟ್ಟು ಹಾಕಿ ಸಾಗುವ ಸಪೂರ ದೋಣಿ. ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಯವರೆಗೆ ಯೂಕಾನ್ ನದಿಯಲ್ಲಿ 715 ಕಿಲೋಮೀಟರ್! ಬೆಂಗಳೂರಿನಿಂದ ಹೊರಟವನು ಬೀದರ್ ಹತ್ತಿರ ಹತ್ತಿರ ಬಂದ ಹಾಗೆ, ಅದೂ ತೋಳಿನ ಬಲದಲ್ಲಿ. 1999ರಲ್ಲಿ ಶುರುವಾದ ಓಟ ಇದು. ಚುರುಕಾದವರು ಎರಡು ದಿನ ಚಿಲ್ಲರೆಯಲ್ಲಿ ಮುಗಿಸುತ್ತಾರೆ, ನಿಧಾನದವರಿಗೆ ಮೂರು ದಿನ ದಾಟುತ್ತದೆ. ಜೂನ್ ಕೊನೆಯಲ್ಲಿ ಅಲ್ಲಿ ಕತ್ತಲೆ ಅನ್ನುವುದೇ ಇಲ್ಲ, ರಾತ್ರಿ ಹನ್ನೊಂದಕ್ಕೂ ನಮ್ಮೂರಿನ ಸಂಜೆ ಐದರ ಬೆಳಕು. ಹಾಗಾಗಿ ಹಗಲು ರಾತ್ರಿ ಹುಟ್ಟು ಹಾಕುತ್ತಲೇ ಇರುತ್ತಾರೆ.

ಇದರಲ್ಲಿ ನನ್ನ ಕೆಲಸ ಏನು ಅಂತೀರಾ? ಸಪೋರ್ಟ್ ಕ್ರೂ. ಅಂದರೆ ಚೀಲ ಹೊರುವುದು, ಕಾರು ಓಡಿಸುವುದು, ತಂಗುದಾಣದಲ್ಲಿ ಟೆಂಟ್ ಹಾಕಿ ಅನ್ನ ಬೇಯಿಸಿ ಕಾಯುವುದು. ಊರಿಗೆ ಫೋನ್ ಮಾಡಿ ಹೇಳಿದ್ದಕ್ಕೆ ಅಮ್ಮ ಹೇಳಿದ್ದು ಒಂದೇ ಮಾತು. "ಅವ್ರು ಏನಾದ್ರೂ ಮಾಡ್ಕಳ್ಲಿ, ನೀ ಮಾತ್ರ ನೀರಿಗೆ ಇಳೀಬೇಡ ಮಾರಾಯ." ಅಮ್ಮ ಹಾಗೆ ಹೇಳುವುದಕ್ಕೆ ಕಾರಣ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಓಟದ ಹಿಂದಿನ ದಿನ ಸಾಮಾನು ತಪಾಸಣೆ. ಅಲ್ಲೇ ನನ್ನ ತಕರಾರು ಶುರುವಾಗಿದ್ದು. ಕಡ್ಡಾಯ ಸಾಮಾನಿನ ಪಟ್ಟಿ ನೋಡಿದರೆ ಇವರು ಓಟಕ್ಕೆ ಹೊರಟಿದ್ದಾರೋ ಸಂಸಾರ ಹೂಡಲು ಹೊರಟಿದ್ದಾರೋ ಅನ್ನಿಸಬೇಕು. ಲೈಫ್ ಜಾಕೆಟ್ ಸರಿ, ಒಪ್ಪೋಣ. ಬದಲಿ ಹುಟ್ಟು, ನೀರು ಮೊಗೆಯುವ ಡಬ್ಬ, ತೇಲುವ ಹಗ್ಗ, ಸೀಟಿ, ಇವೂ ಸರಿ. ದೋಣಿಯ ಬಾಯಿಗೆ ಬಿಗಿಯುವ ಟಾರ್ಪಾಲಿನಂಥ ಹೊದಿಕೆ, ಅಲೆ ಒಳಗೆ ನುಗ್ಗದ ಹಾಗೆ. ಅದಾದ ಮೇಲೆ ಟೆಂಟ್, ಸ್ಲೀಪಿಂಗ್ ಬ್ಯಾಗ್, ನೀರು ಹೋಗದ ಚೀಲದಲ್ಲಿ ಕಟ್ಟಿದ ಒಂದು ಜೊತೆ ಬೆಚ್ಚನೆ ಬಟ್ಟೆ, ಔಷಧಿ ಡಬ್ಬಿ, ಬೆಂಕಿಪೊಟ್ಟಣ, ಆಹಾರ, ಸಣ್ಣ ಒಲೆ, ಅದಕ್ಕೆ ಇಂಧನ. ಪಟ್ಟಿ ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುತ್ತದೆ, ತಿರುಳು ಇದೇ. ಏರ್‌ಪೋರ್ಟಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ನನ್ನ ಹತ್ತಿರ ಇತ್ತು. ತೂಗಿದೆ. ನಮ್ಮ ಗಂಟು ಹದಿನಾಲ್ಕು ಕಿಲೋ!

ಇತ್ತ ದೋಣಿ ಹಗುರಾಗಲಿ ಅಂತ ಗೆಳೆಯ ಎಷ್ಟೋ ತಿಂಗಳು ದುಡ್ಡು ಕೂಡಿಟ್ಟಿದ್ದ. ಹುಟ್ಟು ಕಾರ್ಬನ್ ಫೈಬರಿನದ್ದು, ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಟೂತ್‌ಬ್ರಷ್ಷಿನ ಹಿಡಿಯನ್ನೂ ಅರ್ಧ ಕತ್ತರಿಸಿದ್ದ ಮಹಾನುಭಾವ. ಅಂಥವನ ದೋಣಿಗೆ ಹದಿನಾಲ್ಕು ಕಿಲೋ ಹೇರಿ, ಅದರಲ್ಲೂ ಒಲೆ! ಅವರು ನಡುವೆ ಎಲ್ಲೂ ನಿಂತು ಅಡುಗೆ ಮಾಡುವವರಲ್ಲ, ಬಾಯಿಗೆ ನಳಿಕೆ ಸಿಕ್ಕಿಸಿಕೊಂಡು ಕುಡಿಯುತ್ತಾ ಹೋಗುವವರು. ಹಾಗಾಗಿ ಕೇಳಿದೆ, ಓಡುವ ದೋಣಿಗೆ ಒಲೆ ಯಾಕೆ?

ಆಕೆಯ ಉತ್ತರ ಮೇಲೆ ಹೇಳಿದೆನಲ್ಲ. ಹಚ್ಚಿ ತೋರಿಸಬೇಕಾಯ್ತು. ಟೆಂಟ್ ಬಿಚ್ಚಿ ಗೂಟ ಎಣಿಸಬೇಕಾಯ್ತು. ಪ್ರತಿ ವಸ್ತುವನ್ನೂ ಮುಟ್ಟಿ ನೋಡಿ, ಕಾಗದದ ಮೇಲೆ ಒಂದೊಂದೇ ಗುರುತು ಹಾಕಿದರು. ನಮ್ಮ ಹಿಂದೆ ಸಾಲು. ಯಾರೂ ಗೊಣಗಲಿಲ್ಲ, ನನ್ನನ್ನು ಬಿಟ್ಟು.

ಮಾರನೇ ದಿನ ಬುಧವಾರ, ಮಧ್ಯಾಹ್ನ ಹನ್ನೆರಡಕ್ಕೆ ಓಟ ಶುರು. ಎಲ್ಲರೂ ದಡದವರೆಗೆ ಓಡಿಹೋಗಿ ದೋಣಿಗೆ ಹಾರಿದ್ದು, ಜನ ಚಪ್ಪಾಳೆ ತಟ್ಟಿದ್ದು, ಎಲ್ಲಾ ನೋಡಲು ಚೆಂದ. ನಾನು ಕಾರು ಹತ್ತಿ ಸುಮಾರು 180 ಕಿ.ಮೀ. ದೂರದ ಕಾರ್‌ಮ್ಯಾಕ್ಸ್‌ಗೆ ಹೋಗಿ ನದಿ ದಡದ ಕ್ಯಾಂಪಿನಲ್ಲಿ ಟೆಂಟ್ ಹಾಕಿ ಕೂತೆ. ನದಿ ಬಳಸಿಕೊಂಡು ಬರುವುದರಿಂದ ಅವರಿಗೆ ದೂರ ಇನ್ನೂ ಜಾಸ್ತಿ. ಲೆಕ್ಕದ ಪ್ರಕಾರ ಗುರುವಾರ ಮಧ್ಯಾಹ್ನದ ಹೊತ್ತಿಗೆ ಬರಬೇಕು. ಬರಲಿಲ್ಲ. ಒಂದು ಗಂಟೆ ಆಯ್ತು, ಎರಡಾಯ್ತು. ಆಚೆ ಟೆಂಟಿನವರ ದೋಣಿ ಬಂತು, ಈಚೆಯವರದ್ದೂ ಬಂತು. ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೆ. ಮೂರು ಗಂಟೆ ತಡವಾಗಿ ಬಂದರು. ಅಕ್ಕನ ಮೈಮೇಲೆ ಇದ್ದದ್ದು ಹೊರಟಾಗಿನ ಬಟ್ಟೆ ಅಲ್ಲ. ಚೀಲದಲ್ಲಿ ಕಟ್ಟಿಟ್ಟಿದ್ದ ಆ ಇನ್ನೊಂದು ಜೊತೆ.

ಆಗಿದ್ದಿಷ್ಟು. ವೈಟ್‌ಹಾರ್ಸ್ ದಾಟಿದ ಮೇಲೆ ನದಿ ಲಬಾರ್ಜ್ ಅನ್ನುವ ಸರೋವರದೊಳಗೆ ಹೊಕ್ಕು ಹೊರಬರುತ್ತದೆ. ಸುಮಾರು 50 ಕಿಲೋಮೀಟರ್ ಉದ್ದದ ನೀರು, ಕೊರೆಯುವ ಚಳಿಯದ್ದು. ಗಾಳಿ ಎದ್ದಿತು, ಅಲೆ ಬದಿಯಿಂದ ಹೊಡೆಯಿತು. ಹೊದಿಕೆಯ ಒಂದು ಕಡೆ ಬಿಗಿ ಸಡಿಲವಾಗಿ ನೀರು ಒಳಬಂತು, ಮುಂದೆ ಕೂತಿದ್ದ ಅಕ್ಕ ಸೊಂಟದವರೆಗೆ ತೊಯ್ದಳು. ದೋಣಿ ಮಗುಚಲಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಆಕೆಗೆ ನಡುಕ, ಮಾತು ತೊದಲು, ಹುಟ್ಟು ಕೈಯಲ್ಲಿ ನಿಲ್ಲುತ್ತಿಲ್ಲ. ದಡದ ಹತ್ತಿರವೇ ಇದ್ದರು, ಹಾಗಾಗಿ ದಡ ಸೇರಿದರು. ತಮ್ಮ ಟೆಂಟ್ ಹಾಕಿ, ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಹಾಕಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ತೂರಿಸಿ, ಒಲೆ ಹಚ್ಚಿ ಸೂಪು ಬಿಸಿ ಮಾಡಿ ಕುಡಿಸಿದ. ಎರಡೂವರೆ ಗಂಟೆ ಹಾಗೇ ಕೂತಿದ್ದು, ಮಾತು ಸರಿಯಾದ ಮೇಲೆ ಹೊರಟರು.

ಪಟ್ಟಿಯನ್ನು ಇನ್ನೊಂದು ಸಲ ಓದಿ ನೋಡಿ. ಟೆಂಟ್, ಒಣ ಬಟ್ಟೆ, ಸ್ಲೀಪಿಂಗ್ ಬ್ಯಾಗ್, ಬೆಂಕಿಪೊಟ್ಟಣ, ಒಲೆ. ಒಂದೂ ಬಿಡದೆ ಬಳಕೆಗೆ ಬಂತು.

ತಣ್ಣೀರಿನ ವಿಷಯ ನಮಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ನಮ್ಮ ಕಡೆ ನೀರಿಗೆ ಬಿದ್ದವನು ಈಜು ಬಾರದೆ ಸಾಯುತ್ತಾನೆ ಅನ್ನುವುದಷ್ಟೇ ಗೊತ್ತು. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಸ್ವತಃ ಹಿಮದ ನೀರಿಗೆ ಇಳಿದು ಪ್ರಯೋಗ ಮಾಡಿದವರು. ಅವರು ಹೇಳಿಕೊಡುವ ಲೆಕ್ಕ 1-10-1. ಕೊರೆಯುವ ನೀರಿಗೆ ಬಿದ್ದರೆ ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಸುಮಾರು ಒಂದು ಗಂಟೆ. ಎಂಥ ಈಜುಗಾರನಾದರೂ ಹತ್ತು ನಿಮಿಷದ ಮೇಲೆ ಅವನ ಕೈ ಅವನದಲ್ಲ. ಆಮೇಲೆ ಅವನನ್ನು ತೇಲಿಸುವುದು ಜಾಕೆಟ್ ಮಾತ್ರ.

ಇನ್ನೊಂದು ನಿಯಮ ಕೇಳಿ. ಓಟದವರು ಕಡ್ಡಾಯವಾಗಿ ನಿಂತು ಮಲಗಬೇಕು! ನಾನು ಹೋದ ವರ್ಷ ಕಾರ್‌ಮ್ಯಾಕ್ಸ್‌ನಲ್ಲಿ ಏಳು ಗಂಟೆ, ಮುಂದೆ ಕರ್ಕ್‌ಮನ್ ಕ್ರೀಕ್‌ನಲ್ಲಿ ಮೂರು ಗಂಟೆ. ಅಷ್ಟು ಹೊತ್ತು ಮುಗಿಯುವವರೆಗೆ ದೋಣಿ ನೀರಿಗಿಳಿಸುವ ಹಾಗಿಲ್ಲ. ಓಟದಲ್ಲಿ ನಿದ್ದೆ ಕಡ್ಡಾಯ ಅನ್ನುವುದು ತಮಾಷೆ ಅನ್ನಿಸಬಹುದು. ಆದರೆ ಎರಡನೇ ರಾತ್ರಿ ಇವರಿಗೆ ಕಣ್ಣು ಕಟ್ಟುತ್ತದೆ. ದಡದ ಬಂಡೆಗಳಲ್ಲಿ ಮುಖಗಳು, ಮರದ ಬುಡದಲ್ಲಿ ನಿಂತ ಜನ, ನೀರಿನ ಮೇಲೆ ಇಲ್ಲದ ಸೇತುವೆ. ಈ ಓಟ ಮುಗಿಸಿದ ಯಾರನ್ನು ಕೇಳಿದರೂ ಇಂಥದ್ದೊಂದು ಕಥೆ ಇರುತ್ತದೆ. ನನ್ನ ಗೆಳೆಯನಿಗೆ ದಡದ ಉದ್ದಕ್ಕೂ ಯಾರೋ ಬಟ್ಟೆ ಒಣಗಿಸಿದ ಹಾಗೆ ಕಂಡಿತಂತೆ. ಕಾರ್‌ಮ್ಯಾಕ್ಸ್ ದಾಟಿದ ಮೇಲೆ ಫೈವ್ ಫಿಂಗರ್ ರ‍್ಯಾಪಿಡ್ಸ್ ಇದೆ. ನಾಲ್ಕು ಬಂಡೆಗಡ್ಡೆಗಳ ಮಧ್ಯೆ ನದಿ ಐದಾಗಿ ಸೀಳಿ ಹೋಗುವ ಜಾಗ, ಬಲಗಡೆಯ ಕವಲನ್ನೇ ಹಿಡಿಯಬೇಕು. ಇಲ್ಲದ ಸೇತುವೆ ಕಾಣುವ ಕಣ್ಣಿಗೆ ಆ ಬಲಗಡೆ ಕಾಣಬೇಡವೇ? ಏಳು ಗಂಟೆ ಅಲ್ಲಿಗಿಂತ ಮುಂಚೆ ಇಟ್ಟಿದ್ದು ಎಷ್ಟು ಒಳ್ಳೆಯದು ಅಂತ ಆಗ ಅನ್ನಿಸಿತು.

ಈಗ ನನ್ನ ವಾದಕ್ಕೆ ಬರುತ್ತೇನೆ. ಅವರವರ ಜೀವ, ಅವರವರ ಜವಾಬ್ದಾರಿ, ಬೇಕಾದವರು ಒಲೆ ತರಲಿ, ಬೇಡದವರು ಬಿಡಲಿ ಅಂತ ಹೇಳುವವರು ಇದ್ದಾರೆ. ಗೆಳೆಯನೂ ಮೊದಲು ಅದನ್ನೇ ಹೇಳುತ್ತಿದ್ದ. ಈ ಮಾತು ಪಿಕ್‌ನಿಕ್ಕಿಗೆ ಸರಿ, ಓಟಕ್ಕೆ ಸರಿಯಲ್ಲ. ಯಾಕಂದರೆ ಓಟದಲ್ಲಿ ನನ್ನ ತೀರ್ಮಾನ ನನ್ನೊಬ್ಬನದೇ ಆಗಿರುವುದಿಲ್ಲ. ಪಕ್ಕದವನು ಟೆಂಟ್ ಬಿಟ್ಟು ಬಂದರೆ ಅವನು ನನಗಿಂತ ಹಗುರ. ನಾನು ಟೆಂಟ್ ಹೊತ್ತರೆ ನಾನು ದಡ್ಡ. ಹೀಗಾಗಿ ನಾನೂ ಬಿಡುತ್ತೇನೆ, ಮುಂದಿನವನು ಸ್ಲೀಪಿಂಗ್ ಬ್ಯಾಗೂ ಬಿಡುತ್ತಾನೆ. ಕೊನೆಗೆ ಎಲ್ಲರೂ ಬನಿಯನ್ನು ಚಡ್ಡಿಯಲ್ಲಿ ಹಿಮದ ನೀರಿನ ಮೇಲೆ. ನಿದ್ದೆಯೂ ಅಷ್ಟೇ. ಒಬ್ಬ ಮಲಗದೆ ಹೋದರೆ ಉಳಿದವರಿಗೂ ಮಲಗಲು ಧೈರ್ಯ ಬರುವುದಿಲ್ಲ. ಯಾರಿಗೂ ಇದು ಬೇಕಿರುವುದಿಲ್ಲ, ಆದರೆ ಒಬ್ಬೊಬ್ಬರೇ ಯೋಚಿಸಿದರೆ ಎಲ್ಲರೂ ಅಲ್ಲಿಗೇ ಬಂದು ನಿಲ್ಲುತ್ತಾರೆ. ಹದಿನಾಲ್ಕು ಕಿಲೋ ಎಲ್ಲರ ಬೆನ್ನಿಗೂ ಹೇರಿದ ದಿನ ಅದು ಭಾರವೇ ಅಲ್ಲ, ಓಟದ ಗೆರೆ ಅಷ್ಟು ಹಿಂದಕ್ಕೆ ಸರಿಯಿತು ಅಷ್ಟೇ. ನಿಯಮ ಸ್ಪರ್ಧಿಯ ಕೈ ಕಟ್ಟುತ್ತದೆ ಅನ್ನುತ್ತಾರೆ. ನನಗೆ ಕಂಡಿದ್ದು ಉಲ್ಟಾ. ಮನಸ್ಸಿನಲ್ಲಿ ಜಾಣನಾಗಿದ್ದವನಿಗೆ ಮರ್ಯಾದೆಯಿಂದ ಜಾಣನಾಗಿರಲು ನಿಯಮ ಅವಕಾಶ ಕೊಡುತ್ತದೆ.

ಅಂದ ಹಾಗೆ ಇದೇ ನದಿಯಲ್ಲಿ ಈ ಪಾಠ ಹೊಸದಲ್ಲ. 1896ರಲ್ಲಿ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹಬ್ಬಿ ಸಾವಿರ ಸಾವಿರ ಜನ ಹೊರಟರು. 1897ರ ಚಳಿಗಾಲದಲ್ಲಿ ಡಾಸನ್‌ನಲ್ಲಿ ಆಹಾರಕ್ಕೆ ತತ್ವಾರ. ಆಗ ಅಲ್ಲಿನ ಮೌಂಟೆಡ್ ಪೊಲೀಸರು ಗಡಿಯ ಕಣಿವೆಯ ತುದಿಯಲ್ಲಿ ನಿಂತು, ಒಂದು ವರ್ಷದ ಆಹಾರ ತರದವರನ್ನು ಒಳಗೇ ಬಿಡಲಿಲ್ಲ. ಹಾಸಿಗೆ, ಹತಾರ ಎಲ್ಲಾ ಸೇರಿ ಒಬ್ಬೊಬ್ಬರಿಗೆ ಸುಮಾರು ಒಂದು ಟನ್ ಸಾಮಾನು! ಬೆನ್ನ ಮೇಲೆ ಹೊತ್ತು ಹತ್ತಾರು ಸಲ ಬೆಟ್ಟ ಹತ್ತಿ ಇಳಿದು ಸಾಗಿಸಿದರು.

1898ರ ಮೇ ಕೊನೆಗೆ ಮಂಜುಗಡ್ಡೆ ಒಡೆಯಿತು. ಏಳು ಸಾವಿರಕ್ಕೂ ಹೆಚ್ಚು ದೋಣಿಗಳು ಹೊರಟವು. ಅಂಗಡಿ ಗುಮಾಸ್ತರು, ಮೇಷ್ಟ್ರುಗಳು ಹಸಿ ಮರ ಕುಯ್ದು ತಾವೇ ಮಾಡಿಕೊಂಡ ದೋಣಿಗಳು. ಮೈಲ್ಸ್ ಕ್ಯಾನ್ಯನ್ ಮತ್ತು ವೈಟ್ ಹಾರ್ಸ್ ರ‍್ಯಾಪಿಡ್ಸ್‌ನಲ್ಲಿ ಕೆಲವೇ ದಿನಗಳಲ್ಲಿ ನೂರೈವತ್ತರಷ್ಟು ದೋಣಿ ಚೂರಾದವು, ಹಲವರು ನೀರುಪಾಲಾದರು. ಪೊಲೀಸ್ ಅಧಿಕಾರಿ ಸ್ಯಾಮ್ ಸ್ಟೀಲ್ ಬಂದು ನಿಯಮ ಹಾಕಿದ. ದೋಣಿ ಗಟ್ಟಿ ಇದೆಯೇ ಅಂತ ಪೊಲೀಸರು ನೋಡಬೇಕು, ನುರಿತ ಅಂಬಿಗನೇ ನಡೆಸಬೇಕು, ಹೆಂಗಸರು ಮಕ್ಕಳು ದಡದಲ್ಲಿ ನಡೆದು ಹೋಗಬೇಕು, ಮೀರಿದರೆ 100 ಡಾಲರ್ ದಂಡ. ಇಂಥ ನಿಯಮ ಹಾಕಲು ತನಗೆ ಕಾನೂನಿನ ಅಧಿಕಾರ ಇದೆಯೋ ಇಲ್ಲವೋ ಅಂತ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಅಲ್ಲಿ ಅನಾಹುತ ಬಹುಪಾಲು ನಿಂತೇಹೋಯ್ತು. ಕುದುರೆಯ ಬಿಳಿ ಕೇಸರದಂತೆ ಕಾಣುತ್ತಿದ್ದ ಆ ನೊರೆ ನೀರಿನಿಂದಲೇ ಊರಿಗೆ ಹೆಸರು ಬಂದಿದ್ದು. 1958ರಲ್ಲಿ ಅಣೆಕಟ್ಟು ಆಗಿ ಆ ರ‍್ಯಾಪಿಡ್ಸ್ ಈಗ ನೀರಿನಡಿ. ಪಟ್ಟಿ ಹಿಡಿದ ಅಜ್ಜಿ ಕೂತಿದ್ದು ಅದೇ ಊರಿನಲ್ಲಿ.

ಹಾಗಂತ ನಿಯಮದ ಪಟ್ಟಿ ಉದ್ದ ಆದಷ್ಟೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬೇರೆ ಬೇರೆ ಓಟಕ್ಕೆ ಬೇರೆ ಬೇರೆ ನೀರು. ಇಂಗ್ಲೆಂಡಿನ ಡಿವೈಜಸ್‌ನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ 125 ಮೈಲಿಯ ಓಟ ಇದೆ. 77 ಕಡೆ ದೋಣಿಯನ್ನು ನೀರಿನಿಂದೆತ್ತಿ ಹೊತ್ತು ಓಡಬೇಕು. 1948ರಲ್ಲಿ ಸ್ಕೌಟ್ ಹುಡುಗರು ನೂರು ಗಂಟೆಯೊಳಗೆ ಮುಗಿಸುತ್ತೇವೆ, ಊಟ ಬಿಡಾರ ಎಲ್ಲಾ ಊರಿನಿಂದಲೇ ಹೊತ್ತು ಒಯ್ಯುತ್ತೇವೆ ಅಂತ ಸವಾಲು ಹಾಕಿ ಗೆದ್ದದ್ದು ಅದರ ಮೂಲ. ಅಲ್ಲಿ ಗಂಟು ಹೊರುವುದೇ ಪಂಥ. ಆ ನಿಯಮ ಬೇರೆ ಜಾತಿಯದ್ದು, ಜೀವ ಕಾಯುವುದಕ್ಕಲ್ಲ, ಗಟ್ಟಿತನ ನೋಡುವುದಕ್ಕೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿದರೆ ಜನ ಎರಡನ್ನೂ ಲಘುವಾಗಿ ತೆಗೆದುಕೊಳ್ಳುತ್ತಾರೆ. ಪ್ರತಿ ಸಾಲಿನ ಪಕ್ಕ "ಇದು ಯಾಕೆ" ಅಂತ ಒಂದು ಸಾಲು ಬರೆದರೆ ಎಷ್ಟು ಚೆನ್ನ! ಅಜ್ಜಿ ನನಗೆ ಉತ್ತರ ಕೊಡದೇ ಇದ್ದದ್ದು ತಪ್ಪು ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ.

ಪಟ್ಟಿಗೆ ಮೀರಿದ್ದೂ ಇರುತ್ತದೆ. ಅಮೆರಿಕದ ಟೆಕ್ಸಸ್‌ನಲ್ಲಿ 1963ರಿಂದ ನಡೆಯುತ್ತಿರುವ ಟೆಕ್ಸಸ್ ವಾಟರ್ ಸಫಾರಿ 260 ಮೈಲಿಯದ್ದು. 2012ರಲ್ಲಿ ಅಲ್ಲೊಬ್ಬ ಸ್ಪರ್ಧಿ ತೀರಿಕೊಂಡ. ಮುಳುಗಿ ಅಲ್ಲ, ರಕ್ತದಲ್ಲಿ ಸೋಡಿಯಂ ಇಳಿದು. ಬಿಸಿಲಲ್ಲಿ ಬೆವರು ಹರಿಸುತ್ತಾ ಬರೀ ನೀರು ಕುಡಿಯುತ್ತಾ ಹೋದರೆ ಬರುವ ತೊಂದರೆ ಅದು. ಅದಕ್ಕೆ ಲೈಫ್ ಜಾಕೆಟ್ಟೂ ಇಲ್ಲ, ಹಗ್ಗವೂ ಇಲ್ಲ. ಜೊತೆಯವನ ಮಾತು ತೊದಲಿದರೆ ಗುರುತಿಸುವ ಕಣ್ಣು ಬೇಕು. ನಿಯಮ ಆ ಕಣ್ಣಿಗೆ ಬದಲಿ ಅಲ್ಲ.

ಮತ್ತೆ ದುಡ್ಡಿನ ಪ್ರಶ್ನೆ. ಇಷ್ಟೆಲ್ಲ ಸಾಮಾನು ಕೊಳ್ಳುವ ತಾಕತ್ತು ಎಲ್ಲರಿಗೂ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ದೋಣಿ ಹಗುರ ಮಾಡಲು ಸುರಿಯುವ ದುಡ್ಡಿನ ಮುಂದೆ ಡಬ್ಬ, ಹಗ್ಗ, ಸೀಟಿಯ ಬೆಲೆ ಏನು? ನಾವು ನೀರು ಮೊಗೆಯಲು ಒಯ್ದಿದ್ದು ಹಾಲಿನ ಖಾಲಿ ಕ್ಯಾನನ್ನು ಕತ್ತರಿಸಿದ್ದು. ಅಜ್ಜಿ ಅದಕ್ಕೂ ಗುರುತು ಹಾಕಿದರು, ನಗುತ್ತಾ.

ಕ್ಯಾನು ಅಂದೆನಲ್ಲ, ಈಗ ಅಮ್ಮನ ಮಾತಿಗೆ ಬರುತ್ತೇನೆ.

ನಮ್ಮದು ಶರಾವತಿ ಹಿನ್ನೀರಿನ ಊರು. ಲಿಂಗನಮಕ್ಕಿ ಆದ ಮೇಲೆ ನಮಗೆ ಆಚೆ ದಡ ಅನ್ನುವುದೇ ಪರದೇಶ. ಸಿಗಂದೂರು ಕಡೆಯ ಸೇತುವೆ ಆಗಿದ್ದು 2025ರಲ್ಲಿ. ಅಲ್ಲಿಯವರೆಗೆ ಲಾಂಚು, ಲಾಂಚು ತಪ್ಪಿದರೆ ದೋಣಿ ತೆಪ್ಪವೇ ಗತಿ. 1983ರಲ್ಲಿ, ನಾನು ಆರನೇ ಕ್ಲಾಸಿನಲ್ಲಿದ್ದಾಗ, ಚಿಕ್ಕಪ್ಪ ಮತ್ತು ಪಕ್ಕದ ಮನೆಯ ಅಣ್ಣ ಸಂಜೆ ಹೊತ್ತು ಅಕ್ಕಿ ಮೂಟೆ ಹೇರಿಕೊಂಡು ದೋಣಿಯಲ್ಲಿ ಹೊರಟರು. ನಡುನೀರಿನಲ್ಲಿ ಗಾಳಿ. ದೋಣಿ ಒಂದು ಕಡೆ ವಾಲಿ ಮಗುಚಿತು. ಆ ಅಣ್ಣ ಈಜಿನಲ್ಲಿ ಊರಿಗೇ ಮೊದಲು. ಚಿಕ್ಕಪ್ಪನಿಗೆ ಈಜು ಅಷ್ಟಕ್ಕಷ್ಟೆ. ಉಳಿದದ್ದು ಚಿಕ್ಕಪ್ಪ. ದೋಣಿಯಲ್ಲಿದ್ದ ಖಾಲಿ ಸೀಮೆಎಣ್ಣೆ ಕ್ಯಾನು ಕೈಗೆ ಸಿಕ್ಕಿತ್ತು, ಅದನ್ನೇ ತಬ್ಬಿಕೊಂಡು ತೇಲಿದ್ದ. ಅಣ್ಣ ದಡದ ಕಡೆ ಈಜುತ್ತಾ ಹೋದವನು ಸಿಕ್ಕಿದ್ದು ಮೂರನೇ ದಿನ. ಆ ಮನೆಯ ಅಜ್ಜಿ ಆಮೇಲೆ ಎಷ್ಟೋ ವರ್ಷ, "ಕ್ಯಾನು ಎರಡಿತ್ತಾ ಒಂದೇ ಇತ್ತಾ" ಅಂತ ಚಿಕ್ಕಪ್ಪನನ್ನು ಕೇಳುತ್ತಿದ್ದರು. ಒಂದೇ ಇತ್ತು.

ಆಮೇಲೆ ನಮ್ಮೂರಿನಲ್ಲಿ ಏನು ಬದಲಾಯ್ತು? ಕೆಲವು ದಿನ ಎಲ್ಲರೂ ಮಾತಾಡಿದರು, ಅಷ್ಟೇ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಪ್ರತಿ ಸಲವೂ ಅದಾದ ಮೇಲೆ ಆದೇಶ ಬರುತ್ತದೆ, ಬೋರ್ಡು ಬರುತ್ತದೆ. ಲೈಫ್ ಜಾಕೆಟ್ ಕಡ್ಡಾಯ. ಜಾಕೆಟ್ಟುಗಳು ಸೀಟಿನಡಿ ಗಂಟು ಕಟ್ಟಿ ಬಿದ್ದಿರುವುದನ್ನು ನಾನೇ ಎಷ್ಟೋ ಕಡೆ ನೋಡಿದ್ದೇನೆ.

ಇಲ್ಲೇ ನೋಡಿ ವ್ಯತ್ಯಾಸ. ಪಟ್ಟಿ ಬರೆಯುವುದು ನಮಗೂ ಬರುತ್ತದೆ. ನಮ್ಮಲ್ಲಿ ಕಾಣೆಯಾಗಿರುವುದು ಕನ್ನಡಕದ ಮೇಲಿಂದ ನೋಡಿ "ಹಚ್ಚಿ ತೋರಿಸು" ಅನ್ನುವ ಅಜ್ಜಿ. ಚೀಲ ಬಿಚ್ಚಿಸಿ ನೋಡದ ನಿಯಮ ನಿಯಮವೇ ಅಲ್ಲ. ದೋಣಿ ದಡದಲ್ಲಿರುವಾಗ ನೋಡಬೇಕು. ನೀರಿನಲ್ಲಿ ಎಣಿಸಿ ಏನು ಪ್ರಯೋಜನ?

ಅಕ್ಕ ತಮ್ಮ ಇಬ್ಬರೂ ಡಾಸನ್ ಮುಟ್ಟಿದರು, ಪಟ್ಟಿಯಲ್ಲಿ ಕೆಳಗಿನಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿ. ಅಕ್ಕ ದಡಕ್ಕೆ ಕಾಲಿಟ್ಟವಳೇ ಕೇಳಿದ್ದು, "ಒಲೆಯಲ್ಲಿ ಇನ್ನೂ ಗ್ಯಾಸ್ ಇದೆ, ಟೀ ಮಾಡ್ತೀಯಾ?" ಮಾಡಿಕೊಟ್ಟೆ.

ನೀವು ಮುಂದಿನ ಸಲ ಎಲ್ಲಾದರೂ ದೋಣಿ ಹತ್ತುವಾಗ, ಜಾತ್ರೆಗೋ, ಟೂರಿಗೋ, ಆಚೆ ದಡದ ನೆಂಟರ ಮನೆಗೋ, ಹತ್ತುವ ಮುಂಚೆ ಒಂದು ಮಾತು ಕೇಳಿ. "ನನ್ನ ಜಾಕೆಟ್ ಎಲ್ಲಿದೆ, ತೋರಿಸಿ." ಅಂಬಿಗ ಗೊಣಗುತ್ತಾನೆ. ಹಿಂದಿನವರು "ಹತ್ರೀ ಸಾಕು" ಅನ್ನುತ್ತಾರೆ. ಗೊಣಗಲಿ ಬಿಡಿ, ನಾನೂ ಗೊಣಗಿದವನೇ. ಏನಂತೀರಿ?